ಟೀಚರಿಗೆ ಕಂದು ಬೆಲ್ಟ್ ಯಾವಾಗ

ನಿವೃತ್ತಿಯಾದ ಮೇಲೆ ಕರಾಟೆ ಸೇರಿದೆ ಎಂದರೆ ನಮ್ಮ ರಾಮಕುಂಜದಲ್ಲಿ ಈಗಲೂ ಕೆಲವರು ನಗುತ್ತಾರೆ. ನಗಲಿ. ಮೊಣಕಾಲು ಹಿಡಿದುಕೊಳ್ಳುತ್ತದೆ, ಏನಾದರೂ ವ್ಯಾಯಾಮ ಮಾಡಿ ಎಂದಿದ್ದರು ಡಾಕ್ಟರು. ಅವರ ಮನಸ್ಸಿನಲ್ಲಿದ್ದದ್ದು ನಡಿಗೆ. ನಾನು ಕಡಬ ಪೇಟೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಗೆ ಹತ್ತಿ ಬಿಳಿ ಬೆಲ್ಟ್ ಕಟ್ಟಿಕೊಂಡೆ. ಅಲ್ಲಿ ಕಲಿಸುವವನು ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತವನು. ಹೊರಗೆ ಸಿಕ್ಕಿದರೆ ಅವನನ್ನು ‘ನೀನು’ ಎನ್ನುತ್ತೇನೆ, ಕ್ಲಾಸಿನೊಳಗೆ ‘ಮಾಸ್ಟ್ರೇ, ನೀವು’. ಅವನಿಗೆ ಮಾತ್ರ ನಾನು ಎಲ್ಲಿದ್ದರೂ ‘ಟೀಚರ್’.

ಹಳದಿ, ಕಿತ್ತಳೆ, ಹಸಿರು, ನೀಲಿ ಸಲೀಸಾಗಿ ಬಂದವು. ಅವನ್ನೆಲ್ಲ ಮಾಸ್ಟ್ರೇ ಪರೀಕ್ಷೆ ಮಾಡಿ ಕೊಡುವುದು. ಕಂದು ಬೆಲ್ಟಿಗಾದರೆ ಮಂಗಳೂರಿನಿಂದ ಪರೀಕ್ಷಕರು ಬರುತ್ತಾರೆ, ಯಾರನ್ನು ನಿಲ್ಲಿಸುವುದೆಂದು ಮಾಸ್ಟ್ರು ಹೆಸರು ಕೊಡಬೇಕು. ನನ್ನ ಹೆಸರು ಹೋಗಲೇ ಇಲ್ಲ. ನನ್ನ ನಂತರ ಸೇರಿದವರದ್ದು ಹೋಯಿತು. ನನಗೆ ಆ ಬೆಲ್ಟ್ ಬೇಕಿತ್ತು, ಮೊಣಕಾಲು ಪೂರ್ತಿ ಕೈಕೊಡುವ ಮೊದಲೇ ಬೇಕಿತ್ತು. ಹಾಗೆ ಹೇಳಲು ನನಗೇನೂ ನಾಚಿಕೆಯಿಲ್ಲ.

ನಾನು ಮೊದಲೇ ಸಂಶಯದ ಪ್ರಾಣಿ. ಮೀನಿನ ಕಿವಿರು ಎತ್ತಿ ನೋಡದೆ ಕೊಂಡವಳಲ್ಲ, ಪರೀಕ್ಷೆಯ ಕೋಣೆಯಲ್ಲಿ ಒಂದು ಕಡೆ ಕೂತವಳಲ್ಲ. ಹಾಗಾಗಿ ಅವನನ್ನು ಗಮನಿಸತೊಡಗಿದೆ. ಉಳಿದವರಿಗೆ ಅವನು ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ತಪ್ಪಾಗಿ ಇಟ್ಟ ಕಾಲನ್ನು ಬೆತ್ತದ ತುದಿಯಿಂದ ಸರಿಸುತ್ತಿದ್ದ. ನನ್ನ ಹತ್ತಿರ ಬಂದರೆ ಶುದ್ಧ ಕನ್ನಡ. “ಚಂದ ಆಯಿತು ಟೀಚರ್” ಎಂದು ಮುಖ ನೋಡದೆ ಮುಂದೆ ಹೋಗುತ್ತಿದ್ದ. ತುಳು ಬರುವವಳ ಹತ್ತಿರ ತುಳುವಿನವನು ಕನ್ನಡ ಆಡಿದರೆ ನಡುವೆ ಏನೋ ಇದೆ ಎಂದೇ ಅರ್ಥ. ಮುದುಕಿಯನ್ನು ಕಳಿಸಿದರೆ ಕ್ಲಾಸಿನ ಮಾನ ಹೋಗುತ್ತದೆ ಎಂದೇ? ಅಥವಾ ಸವಣೂರಿನ ತನ್ನ ನೆಂಟರ ಹುಡುಗಿಗೆ ದಾರಿ ಮಾಡಿಕೊಡುತ್ತಿದ್ದಾನೆಯೇ? ಬಸ್ಸಿನಲ್ಲಿ ಕೂತರೂ ಇದೇ ತಲೆ ಕೊರೆಯುತ್ತಿತ್ತು. ಅವನು ಯಾರ ಕಿವಿಯಲ್ಲಾದರೂ ಏನಾದರೂ ಹೇಳಿದರೆ ಅದು ನನ್ನ ವಿಷಯವೇ ಅನ್ನಿಸುತ್ತಿತ್ತು.

ಬೆಲ್ಟನ್ನು ಕೇಳಿ ಪಡೆಯುವ ಪದ್ಧತಿ ಅಲ್ಲಿಲ್ಲ. ಆದರೂ ಒಂದು ಭಾನುವಾರ ಬೆಳಿಗ್ಗೆ, ಎಲ್ಲರೂ ಇಳಿದು ಹೋದ ಮೇಲೆ, ಹಿಮ್ಮಡಿ ಜೋಡಿಸಿ ತಲೆಬಾಗಿ ಕೇಳಿಯೇಬಿಟ್ಟೆ.

“ಮಾಸ್ಟ್ರೇ, ತಪ್ಪು ತಿಳಿಯಬೇಡಿ. ಕಂದು ಬೆಲ್ಟಿಗೆ ನಾನು ಇನ್ನೂ ಎಂತ ಕಲಿಯಬೇಕು?”

ಅವನು ಕಿಟಕಿ ಹಾಕಲು ಹೋದ. “ಅರ್ಜೆಂಟ್ ಎಂತ ಉಂಟು ಟೀಚರ್? ಮುಂದಿನ ಸಲ ನೋಡುವ.”

“ಹೋದ ಸಲ ಹೆಸರು ಕೊಡುವಾಗಲೂ ನೀವಾಗಿಯೇ ಅದನ್ನೇ ಹೇಳಿದ್ದೀರಿ. ನನ್ನ ಪ್ರಾಯ ಅಡ್ಡವಾ?”

“ಅಯ್ಯೋ, ಹಾಗೆಲ್ಲ ಇಲ್ಲ.”

“ಮತ್ತೆ?”

ಕಿಟಕಿ ಹಾಕಿ ಆಗಿತ್ತು. ಅವನಿಗೆ ಮಾಡಲು ಬೇರೆ ಕೆಲಸ ಉಳಿದಿರಲಿಲ್ಲ. “ನಿಮ್ಮ ಎಡಗಾಲು ಟೀಚರ್. ನಿಲ್ಲುವಾಗ ಪಾದ ಹೊರಗೆ ತಿರುಗ್ತದೆ. ಮಂಗಳೂರಿನವರು ಮೊದಲು ನೋಡುದೇ ಅದನ್ನು.”

“ಯಾವಾಗಿನಿಂದ?”

“ಸುರುವಿನಿಂದಲೇ.”

“ಒಮ್ಮೆಯಾದರೂ ಹೇಳಬಾರದಿತ್ತಾ ನೀನು?” ಕ್ಲಾಸಿನೊಳಗಿದ್ದೇನೆ ಎಂಬುದು ಮರೆತೇ ಹೋಗಿತ್ತು.

“ನಿಮ್ಮ ಕಾಲಿಗೆ ಬೆತ್ತ ಹೇಗೆ ತಾಗಿಸುದು ಟೀಚರ್? ನಿಮಗೆ ತಪ್ಪು ಅಂತ ಹೇಗೆ ಹೇಳುದು? ನನ್ನಿಂದ ಆಗುದಿಲ್ಲ.”

ಮೈಯೆಲ್ಲ ಉರಿದುಹೋಯಿತು. ಕಲಿಯಲು ಬಂದವಳಿಗೆ ಈ ಮರ್ಯಾದೆ ಯಾಕೆ? ಇಷ್ಟು ಕಾಲ ಬೆವರು ಸುರಿಸಿ ತಪ್ಪನ್ನೇ ಗಟ್ಟಿ ಮಾಡಿಕೊಂಡಿದ್ದೆ. ಬೈಯಲು ಬಾಯಿ ತೆರೆದವಳಿಗೆ ಹೊಸದೊಂದು ಸಂಶಯ ಬಂತು, ಹಿಂದಿನವೆಲ್ಲಕ್ಕಿಂತ ಕೆಟ್ಟದ್ದು.

“ಹಾಗಾದರೆ ಈ ನೀಲಿ? ಹಸಿರು? ಅದೆಲ್ಲ ಹೇಗೆ ಬಂತು?”

ಅವನು ಮೆಟ್ಟಿಲಿನ ಕಡೆ ತಿರುಗಿದ. “ಕೆಳಗೆ ಚಾ ಕುಡಿಯುವ, ಬನ್ನಿ” ಎಂದ.

ನಾನು ಅಲ್ಲೇ ಬೆಲ್ಟ್ ಬಿಚ್ಚಿದೆ. ಅಂಗಿ ತೆರೆದುಕೊಂಡಿತು, ಅದನ್ನು ಒಂದು ಕೈಯಲ್ಲಿ ಒಟ್ಟಿಗೆ ಹಿಡಿದು ಎಡಗಾಲು ಮುಂದಿಟ್ಟು ನಿಂತೆ. ಅಳು ಬರುತ್ತಿತ್ತು, ಬರಲು ಬಿಡಲಿಲ್ಲ.

“ಬೆತ್ತ ತೆಗೆದುಕೊಳ್ಳಿ ಮಾಸ್ಟ್ರೇ. ಸರಿ ಮಾಡಿ.”

ಅವನು ಬೆತ್ತ ತೆಗೆದುಕೊಂಡ. ಸ್ವಲ್ಪ ಹೊತ್ತು ನನ್ನ ಪಾದವನ್ನೇ ನೋಡಿದ. ಆಮೇಲೆ ಬೆತ್ತವನ್ನು ಗೋಡೆಗೆ ಒರಗಿಸಿ, ಮಂಡಿಯೂರಿ ಕೂತು, ಎರಡೂ ಕೈಯಿಂದ ಪಾದವನ್ನು ಹಿಡಿದು ಒಳಕ್ಕೆ ತಿರುಗಿಸಿದ. ಕೊನೆಗೂ ಕಲಿಸಿದ ಎಂದುಕೊಳ್ಳುವಷ್ಟರಲ್ಲಿ ಆ ಕೈಗಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ.

ಕಂದು ಬೆಲ್ಟ್ ಈ ಜನ್ಮದಲ್ಲಿ ನನಗಿಲ್ಲ ಎಂದು ಗೊತ್ತಾದದ್ದು ಆಗ.