ಒಂದೇ ಉಸಿರಿನಲ್ಲಿ ಇಪ್ಪತ್ತು ಹೆಸರು

ಬೀರೂರಿನಲ್ಲಿ ರೇಣುಕಪ್ರಸಾದನ ಮುಖ ಗೊತ್ತಿರುವವರು ಕಡಿಮೆ, ದನಿ ಗೊತ್ತಿಲ್ಲದವರು ಇಲ್ಲ. ರ‍್ಯಾಪ್ ಹಾಡುವವನಿಗೆ ಇನ್ನೇನು ಬೇಕು ಎಂದು ಅವನೇ ಕೇಳಿಕೊಂಡು ಅವನೇ ನಗುತ್ತಿದ್ದ. ಏಕೆಂದರೆ ಊರು ಕೇಳಿದ್ದು ಅವನ ಹಾಡನ್ನಲ್ಲ. ಯಾರಾದರೂ ತೀರಿಕೊಂಡರೆ ಕಲ್ಲೇಶಪ್ಪನ ಮೈಕ್ ಆಟೋ ಬೀದಿ ಬೀದಿ ಸುತ್ತುತ್ತದೆ. 'ಶೋಕ ಸಮಾಚಾರ' ಎಂದು ಶುರುವಾಗುವ ಆ ದನಿ ಅವನದು.

ಮೊದಲಿಂದ ಹೀಗಿರಲಿಲ್ಲ. ಎರಡನೇ ಸಲ ಪಿಯುಸಿ ಫೇಲಾದ ವರ್ಷ, ಅವನೂ ಮೊಬೈಲ್ ರಿಪೇರಿ ಅಂಗಡಿಯ ದುಷ್ಯಂತನೂ ಸೇರಿ 'ಜಂಕ್ಷನ್ ಪ್ರಸಾದ್' ಎಂಬ ಚಾನೆಲ್ ತೆರೆದರು. ದುಷ್ಯಂತ್ ಲ್ಯಾಪ್‌ಟಾಪಿನಲ್ಲಿ ಬೀಟ್ ಕೂರಿಸುತ್ತಿದ್ದ. ಇವನು ಪ್ಲಾಟ್‌ಫಾರ್ಮ್ ಮುಗಿಯುವ ಕಡೆ ನಿಂತು, ಗೂಡ್ಸ್ ಗಾಡಿಯ ಹತ್ತು ವ್ಯಾಗನ್ನಿಗೆ ಒಂದು ಉಸಿರಿನಂತೆ ಸಾಲು ಹೇಳಿ ಹೇಳಿ ಗಂಟಲು ಪಳಗಿಸಿದ. ಆರು ವರ್ಷದಲ್ಲಿ ಹದಿನಾಲ್ಕು ಹಾಡು. ಎಲ್ಲಕ್ಕಿಂತ ಚೆನ್ನಾಗಿ ಓಡಿದ ಹಾಡಿಗೆ ಸಾವಿರದ ಇನ್ನೂರು ವ್ಯೂಸ್. ಅದರಲ್ಲಿ ಮುನ್ನೂರು ತನ್ನದೇ ಎಂಬುದನ್ನು ಅವನು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

ಆ ಉಸಿರಿಗೆ ಕೆಲಸ ಕೊಟ್ಟವನು ಕಲ್ಲೇಶಪ್ಪ. ಮೊದಮೊದಲು ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ ಶಿಬಿರ. ಒಂದು ದಿನ ಸಾವಿನ ಚೀಟಿ ಬಂತು. ಬದುಕಿರುವ ಮಕ್ಕಳು, ಸೊಸೆಯರು, ಅಳಿಯಂದಿರು ಎಂದು ಇಪ್ಪತ್ತು ಹೆಸರು. ಒಂದು ಬಿಟ್ಟುಹೋದರೂ ಹೆಣದ ಮುಂದೆಯೇ ಜಗಳ ಹತ್ತುವುದುಂಟು. ರೇಣುಕಪ್ರಸಾದ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಯಾವ ಹೆಸರಿಗೂ ಮರ್ಯಾದೆ ಕಡಿಮೆಯಾಗದಂತೆ ಹೇಳಿ ಮುಗಿಸಿದ.

"ಲೇ, ನಿನ್ ಗಂಟ್ಲು ಸಾವಿಗೇ ಅಂತ ಮಾಡ್ಸಿರೋದು ಕಣೋ," ಎಂದ ಕಲ್ಲೇಶಪ್ಪ. ಅದು ಹೊಗಳಿಕೆ. ಆರು ವರ್ಷದಲ್ಲಿ ಸಿಕ್ಕಿದ ಮೊದಲ ಹೊಗಳಿಕೆಯಾದ್ದರಿಂದ ರೇಣುಕಪ್ರಸಾದ್ ಬೇಡವೆನ್ನಲಿಲ್ಲ.

ತಪ್ಪಾದದ್ದು ಅಲ್ಲೇ. ಸೀರೆ ಅಂಗಡಿಯವನು ಬೇರೆಯವರ ದನಿ ಬೇಕೆಂದ. ಗಣಪತಿ ಕೂರಿಸುವ ಹುಡುಗರು ಕೈಮುಗಿದರು: "ಅಣ್ಣ, ನೀನು ಮೈಕ್ ಹಿಡಿದ್ರೆ ಹೆಂಗಸ್ರು ಬಾಗ್ಲಿಗೆ ಬಂದು ಯಾರು ಹೋದ್ರು ಅಂತಾರೆ."

ಹೀಗಿರುವಾಗ ತರೀಕೆರೆಯಲ್ಲಿ ಆರ್ಕೆಸ್ಟ್ರಾ ನಡೆಸುವ ಕಾಂತರಾಜ್ ಅಜ್ಜಂಪುರದ ಒಂದು ಆರತಕ್ಷತೆಗೆ ಕರೆದ. "ಮೂರು ಹಾಡು ಹೇಳು. ಜನ ಕೂತು ಕೇಳಿದ್ರೆ ಈ ಸೀಸನ್ ಪೂರ್ತಿ ನಮ್ ಜೊತೆ. ಎದ್ದು ಊಟಕ್ಕೆ ಹೋದ್ರೆ ನೀನೂ ಉಂಡ್ಕೊಂಡು ಮನೆಗೆ ಹೋಗು." ಸೀಸನ್ ಸಿಕ್ಕರೆ ಆಟೋ ಬಿಡಬಹುದು. ಅಜ್ಜಂಪುರದಲ್ಲಿ ತನ್ನ ದನಿಯ ಗುರುತು ಯಾರಿಗಿದೆ ಎಂದು ಅವನು ದುಷ್ಯಂತನ ಜಾಕೆಟ್ ಏರಿಸಿಕೊಂಡು ಹೊರಟ. ಹೆಣ್ಣು ಯಾವ ಊರಿನದು ಎಂದು ಈ ಸೀಮೆಯಲ್ಲಿ ಬಸ್ಸಿನ ಕಂಡಕ್ಟರೂ ಕೇಳುತ್ತಾನೆ. ಇವನು ಕಲಾವಿದನಲ್ಲವೇ, ಕೇಳಲಿಲ್ಲ.

ಕಡೂರಿನಿಂದ ಅಮೃತಾಪುರದವರೆಗಿನ ಊರುಗಳ ಹೆಸರನ್ನು ಉಸಿರು ತೆಗೆಯದೆ ಪೋಣಿಸುವ ಹಾಡಿನಿಂದ ಶುರು ಮಾಡಿದ. ನಾಲ್ಕನೇ ಸಾಲಿಗೆ ಹುಡುಗರು ಮೊಬೈಲ್ ಎತ್ತಿದರು. ಜನ ಕೂತಿದ್ದರು. ಹಾಡು ತರೀಕೆರೆ ತಲುಪುವ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಮದುಮಗಳ ನಗು ನಿಂತುಹೋದದ್ದು ಕಂಡಿತು. ಅವಳು ಮೊದಲು ಅವನ ಕೈಯ ಮೈಕನ್ನು, ಆಮೇಲೆ ಅವನ ಮುಖವನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಹೂಗುಚ್ಛದಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಹಿಂದಿನ ಪರದೆಯ ಮೇಲೆ ಹೂವಿನಲ್ಲಿ ಬರೆದಿದ್ದ 'ಸ್ಫೂರ್ತಿ' ಎಂಬ ಹೆಸರು ಅವನ ಕಣ್ಣಿಗೆ ಬಿದ್ದದ್ದು ಆಗ. ಹನ್ನೊಂದು ತಿಂಗಳ ಹಿಂದಿನ ಚೀಟಿ. 'ತೀರ್ಥಪ್ಪನವರು ಶಿವೈಕ್ಯರಾಗಿರುತ್ತಾರೆ… ಮಗಳು ಸ್ಫೂರ್ತಿ.' ಬೀರೂರಿನ ಅಷ್ಟೂ ಬೀದಿಗೆ ಸಾರಿದ್ದ.

ಹುಡುಗಿಯ ಚಿಕ್ಕಪ್ಪ ರುದ್ರಮೂರ್ತಿ ವೇದಿಕೆ ಹತ್ತಿ ಮೆಲ್ಲಗೆ ಅವನ ಭುಜ ಹಿಡಿದ. "ಸಾಕು ಕಣಪ್ಪ. ನಿಂದೇನೂ ತಪ್ಪಿಲ್ಲ. ಆ ದನಿ ಇವತ್ತು ಬೇಡ."

ಕಾಂತರಾಜ್ ಮೈಕ್ ಇಸಿದುಕೊಂಡು ತಂಡದ ಇನ್ನೊಬ್ಬ ಗಾಯಕಿಗೆ ಕೊಟ್ಟ. ಇವನ ಮುಖ ನೋಡಲಿಲ್ಲ.

ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಡೆ ರೇಣುಕಪ್ರಸಾದ್ ನಿಂತಿದ್ದಾಗ ವಿಭೂತಿ ಹಚ್ಚಿದ ಅಜ್ಜಿಯೊಬ್ಬರು ಗೋಡೆ ಹಿಡಿದು ಬಂದರು. ತೀರ್ಥಪ್ಪನ ತಾಯಿ ಮಲ್ಲಿಕಾಂಬ.

"ನಮ್ ತೀರ್ಥಪ್ಪಂದು ಹೇಳ್ದೋನು ನೀನೇ ಅಲ್ವೇನಪ್ಪಾ?"

"ಹೂಂ ಅಜ್ಜಿ. ಗೊತ್ತಿದ್ರೆ ಬರ್ತಿರ್ಲಿಲ್ಲ."

"ತಾಯಿ ಮಲ್ಲಿಕಾಂಬ ಅಂತ ಮೊದ್ಲು ನನ್ ಹೆಸ್ರೇ ಹೇಳ್ದೆ. ಚೀಟೀಲಿ ಬರ್ದಿರ್ಲಿಲ್ವಂತೆ. ನೀನೇ ಕೇಳಿ ಸೇರಿಸ್ದೆಯಂತೆ."

ಅವನು ಹೌದೆಂದು ತಲೆಯಾಡಿಸಿದ.

"ನಂದೂ ನೀನೇ ಹೇಳ್ಬೇಕು ಕಣಪ್ಪ."

"ಆ ಕೆಲಸ ಬಿಡೋಣ ಅಂತಿದ್ದೆ ಅಜ್ಜಿ."

"ಬಿಟ್ಟು?"

ಒಳಗೆ ಇನ್ನೊಬ್ಬಳ ಹಾಡಿಗೆ ಚಪ್ಪಾಳೆ ಬಿತ್ತು.

"ಬಿಡೋದಾದ್ರೆ ನಂದು ಮುಗಿಸ್ಬಿಟ್ಟು ಬಿಡು. ಜಾಸ್ತಿ ದಿನ ಕಾಯಿಸಲ್ಲ," ಎಂದರು ಅಜ್ಜಿ.

ಇಡೀ ಸೀಸನ್ನಿಗೆ ಅವನಿಗೆ ಸಿಕ್ಕ ಬುಕಿಂಗ್ ಅದೊಂದೇ. ಜಾಕೆಟ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೊಬೈಲ್ ತೆಗೆದ. "ಹೆಸರುಗಳು ಹೇಳಿ ಅಜ್ಜಿ, ಒಂದೂ ಬಿಡಬೇಡಿ."

ಮಲ್ಲಿಕಾಂಬ ಗೋಡೆಗೆ ಒರಗಿದರು. "ದೊಡ್ ಮಗ ತೀರ್ಥಪ್ಪ," ಎಂದರು. ಅವನು ಬರೆದುಕೊಂಡ. ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದರು.

"ಅದು ಬೇಡ," ಎಂದರು. "ಅಳಿಸ್ಬಿಡಪ್ಪ."