ಎರಡನೇ ಕ್ಯಾಸೆಟ್ಟಿನ ಬಾಯಿಗೆ ಕುಂಕುಮ

ಮಂಜನ ಎರಡನೇ ಕ್ಯಾಸೆಟ್ಟನ್ನು ಕೆಡಿಸಿದ್ದು ನಮ್ಮಪ್ಪ. ಬೈಸಿಕೊಂಡಿದ್ದು ನಾನು. ನಡೆದದ್ದು ಇಷ್ಟೇ. ಇಷ್ಟು ವರ್ಷ ಯಾರ ಹತ್ತಿರವೂ ಹೇಳಲಿಲ್ಲ, ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತದೆ.

ಆಗೆಲ್ಲ ಗುಬ್ಬಿಯಲ್ಲಿ ಒಂದು ಮನೆಗೆ ಟಿವಿ ಬಂದರೆ ಬೀದಿಯವರೆಲ್ಲ ಅಲ್ಲೇ ಬಂದು ಕೂರುತ್ತಿದ್ದರು. ತೊಂಬತ್ತೆರಡೋ ಮೂರೋ ಇರಬೇಕು. ನಮ್ಮದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ. ಬಿಸಿ ರಾಗಿ ಹಿಟ್ಟಿನ ವಾಸನೆ, ಬೆಲ್ಟಿನ ರಬ್ಬರು ಕಾದ ವಾಸನೆ, ಮೆಣಸಿನಕಾಯಿ ಬೀಸಿದ ದಿನ ಇಡೀ ಮನೆಗೆ ಸೀನು. ಆರನೇ ಕ್ಲಾಸು ಮುಗಿಯುತ್ತಲೇ ನನ್ನನ್ನು ಸ್ಕೂಲು ಬಿಡಿಸಿ ಅಲ್ಲಿ ಡಬ್ಬ ಇಳಿಸಿ ಕೊಡುವುದಕ್ಕೆ ನಿಲ್ಲಿಸಿದ್ದರು. ನನ್ನ ಓದು ಅಷ್ಟೇ. ಹದಿನೆಂಟಕ್ಕೆ ಮಗಳನ್ನು ಹೆತ್ತೆ, ಅವಳೂ ಬೇಗ ಹೆತ್ತಳು. ನಲವತ್ತು ದಾಟುವುದರೊಳಗೆ ಅಜ್ಜಿಯಾದೆ.

ಆ ವರ್ಷ ದಸರಾ ರಜಕ್ಕೆ ತುಮಕೂರಿನ ಬಟವಾಡಿಯಿಂದ ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಗಂಡ ಮತ್ತು ಮಗನ ಜೊತೆ ಬಂದಿದ್ದಳು. ಮಗ ಮಂಜ ನನ್ನ ವಯಸ್ಸಿನವನೇ. ಮಾವ ಅಲ್ಲೇ ಹತ್ತಿರ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಮಿಷನ್ ರಿಪೇರಿ ಮಾಡುತ್ತಿದ್ದರು. ಪ್ಯಾಂಟು ಮಡಚಿಕೊಂಡೇ ನಮ್ಮನೆ ಹಿತ್ತಲಿಗೆ ಕಾಲಿಡುತ್ತಿದ್ದ ಮನುಷ್ಯ.

ಮಂಜ ಬಟ್ಟೆ ಬ್ಯಾಗಿಗಿಂತ ಜೋಪಾನವಾಗಿ ತಂದಿದ್ದು ಟಿವಿ ಗೇಮು. ಜೊತೆಗೆ ಎರಡು ಕ್ಯಾಸೆಟ್ಟು. ಒಂದೇ ಆಟದ ಫಸ್ಟ್ ಪಾರ್ಟು, ಸೆಕೆಂಡ್ ಪಾರ್ಟು. ಫಸ್ಟು ಅವನದು. ಸೆಕೆಂಡು ಅವನ ಕ್ಲಾಸಿನವನೊಬ್ಬನದು, ರಜ ಮುಗಿಯುವಷ್ಟರಲ್ಲಿ ಹಾಗೇ ವಾಪಸ್ ಕೊಡಬೇಕು.

ಮೊದಲನೆಯದರಲ್ಲಿ ಒಂದು ಗೋಪುರ, ಒಬ್ಬ ಕುಳ್ಳ, ತುಂಬಾ ಕಲ್ಲು. ಕಲ್ಲು ತಳ್ಳಿ ದಾರಿ ಮಾಡಿಕೊಂಡು ಬೀಗದ ಕೈ ಹತ್ತಿರ ಹೋಗಬೇಕು. ಅಟ್ಟಿಸಿಕೊಂಡು ಬರುವ ಭೂತಗಳ ದಾರಿಗೆ ಅದೇ ಕಲ್ಲು ಅಡ್ಡ ಇಡಬೇಕು. ತಳ್ಳಬಹುದು, ಎಳೆಯುವ ಹಾಗಿಲ್ಲ. ಗೋಡೆಗೆ ಅಂಟಿದ ಕಲ್ಲು ಅಂಟಿದ ಹಾಗೇ. ನನಗೆ ಅದು ಬೇಗ ಕೈಗೆ ಹತ್ತಿತು. ಇಕ್ಕಟ್ಟು ಮಿಲ್ಲಿನಲ್ಲಿ ಯಾವ ಮೂಟೆ ಮೊದಲು ಸರಿಸಿದರೆ ಯಾವುದು ಆಚೆ ಬರುತ್ತದೆ ಅನ್ನುವುದೇ ನನ್ನ ದಿನದ ಕೆಲಸ. ಮಂಜ ಎಡವಿದ ಕಡೆ ನಾನು ದಾಟಿದೆ.

“ಏನೇ ಗೌರಿ, ಕದ್ದು ಕಲ್ತಿದ್ಯೇನೇ?” ಅಂದ.

“ಮೂಟೆ ಎತ್ತು ಬಾರೋ, ನಿಂಗೂ ಬರ್ತದೆ.”

ಎರಡನೆಯದು ಹಾಕಿದಾಗ ಮೊದಲು ಬಂದಿದ್ದೇ ಹಾಡು. ಬಣ್ಣ ಜಾಸ್ತಿ, ಭೂತಗಳು ಜಾಸ್ತಿ, ಮೇಲೊಂದು ಗಡಿಯಾರ ಓಡುತ್ತಿರುತ್ತದೆ. ನಿಂತು ಯೋಚನೆ ಮಾಡೋಣ ಅಂದರೆ ಟೈಮು ಮುಗಿದು ಸಾಯುತ್ತಿದ್ದೆ. “ಇದೇನ್ಲಾ, ಬರೀ ಓಡೋದು. ನಿನ್ನ ಎರಡ್ನೇ ಪಾರ್ಟು ವೇಸ್ಟು ಕಣೋ” ಎಂದು ಅತ್ತೆ ಮಾವ ಕೇಳುವ ಹಾಗೇ ಹೇಳಿದೆ. ಅವನು ಮುಖ ಊದಿಸಿಕೊಂಡ. ಇಬ್ಬರಿಗೂ ಎರಡು ದಿನ ಇದೇ ಜಗಳ.

ಆದರೆ ಎರಡನೆಯದರಲ್ಲಿ ಇಬ್ಬರು ಕೂಡಿ ಆಡಬಹುದಿತ್ತು. ಒಬ್ಬರು ಕಲ್ಲಿನ ಮೇಲೆ ನಿಂತರೆ ಬಾಗಿಲು ತೆಗೆಯುತ್ತದೆ, ಇನ್ನೊಬ್ಬರು ಒಳಗೆ ನುಗ್ಗಬೇಕು. ನಿಂತವರು ಭೂತ ಬಂದರೂ ಕದಲಬಾರದು. ಮಂಜ ನಿಲ್ಲುತ್ತಿದ್ದ, ನಾನು ನುಗ್ಗುತ್ತಿದ್ದೆ. “ಬೇಗ ಕಣೇ, ಬಂತು ಕಣೇ” ಎಂದು ನನ್ನ ರಟ್ಟೆ ಗುದ್ದುತ್ತಿದ್ದ, ಆದರೆ ಕದಲುತ್ತಿರಲಿಲ್ಲ. ಹಾಗೆ ಆಡುತ್ತಾ ಆಡುತ್ತಾ ನನಗೆ ಅದೇ ಹಿಡಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಲ ವೇಸ್ಟು ಅಂದ ಮೇಲೆ ಹೇಗೆ ಹೇಳುವುದು?

ಆಯುಧಪೂಜೆ ಬಂತು. ಅಪ್ಪನಿಗೆ ಅದು ವರ್ಷದ ದೊಡ್ಡ ದಿನ. ಮೋಟಾರು, ಬೆಲ್ಟು, ತಕ್ಕಡಿ, ಸೈಕಲ್ಲು, ಒನಕೆ, ಈಳಿಗೆಮಣೆ, ಟಿವಿ, ಯಾವುದನ್ನೂ ಬಿಡುವವನಲ್ಲ. ಕುಂಕುಮವನ್ನು ನೀರು ಹಾಕಿ ಗಟ್ಟಿಗೆ ಕಲಸಿ ಉಂಗುರದ ಬೆರಳಲ್ಲಿ ಹಚ್ಚುತ್ತಾ ಬರುತ್ತಿದ್ದ. ತಟ್ಟೆ ಹಿಡಿದು ಹಿಂದೆ ಹೋಗುವುದು ನಾನು. ಮಿಷನ್ನಿನ ಮೈಗೆ ಹಚ್ಚಿದರೆ ಸಾಲದು, ಬಾಯಿಗೆ ಹಚ್ಚಬೇಕು, ಕಾಳು ಬೀಳುವ ಕಡೆಗೆ, ಅಲ್ಲೇ ಅದರ ಜೀವ ಇರೋದು ಅನ್ನುವುದು ಅಪ್ಪನ ಪದ್ಧತಿ.

ಮಾವ ಬಾಗಿಲಲ್ಲಿ ನಿಂತು, “ಬಾವ, ಕರೆಂಟಿರೋದಕ್ಕೆಲ್ಲ ಒದ್ದೆ ಕುಂಕುಮ ಹಚ್ಬೇಡಿ. ಇದೇನು ನೇಗಿಲು ಗುದ್ದಲಿನಾ?” ಎಂದು ನಕ್ಕು ಬೀದಿ ಕಡೆ ಹೋದರು. ಅಪ್ಪ ಬೆರಳನ್ನು ಮತ್ತೆ ಕುಂಕುಮಕ್ಕೆ ಅದ್ದಿದ.

ಗೇಮಿನ ಡಬ್ಬದೊಳಗೆ ಮೊದಲನೇ ಕ್ಯಾಸೆಟ್ಟು ಸಿಕ್ಕಿಸಿದ ಹಾಗೇ ಇತ್ತು. ಅದಕ್ಕೆ ಮೇಲಿಂದ ಒಂದು ಬೊಟ್ಟು. ಎರಡನೆಯದು ಪಕ್ಕದಲ್ಲಿ ಬಿದ್ದಿತ್ತು. ಅಪ್ಪ ಎತ್ತಿ, ತಿರುಗಿಸಿ ನೋಡಿ, ಡಬ್ಬದೊಳಗೆ ಕಚ್ಚಿಕೊಳ್ಳುವ ಚಿನ್ನದ ಬಣ್ಣದ ಹಲ್ಲು ಕಾಣುವ ಕಡೆಗೆ ಬೆರಳು ತೂರಿಸಿ ಈ ತುದಿಯಿಂದ ಆ ತುದಿಗೆ ಹಚ್ಚಿದ. ಒಂದು ಸೇವಂತಿಗೆ ಎಸಳನ್ನೂ ಸಿಕ್ಕಿಸಿದ. ನಾನು ತಟ್ಟೆ ಹಿಡಿದು ನೋಡುತ್ತಿದ್ದೆ. ನನಗೂ ಅದು ಸರಿ ಅನ್ನಿಸಿತ್ತು.

ಪುರಿ, ಹುರಿಗಡಲೆ, ಕೊಬ್ಬರಿ ಚೂರು ಹಂಚಿ ಆಯಿತು. ಪೂಜೆ ಮಾಡಿದ್ದನ್ನು ಅವತ್ತು ಮುಟ್ಟಬಾರದು. ಸಂಜೆ ಮಂಜನಿಗೆ ತಡೆಯಲಾಗಲಿಲ್ಲ. “ಗೇಮು ಆಯುಧ ಅಲ್ಲ ಬುಡು” ಎಂದು ಎಸಳು ಕಿತ್ತು ಬಿಸಾಕಿ, ಎರಡನೆಯದನ್ನು ಒತ್ತಿ ಸ್ವಿಚ್ಚು ಹಾಕಿದ. ಚಿಟ್ ಅಂತು. ಸುಟ್ಟ ವಾಸನೆ. ಟಿವಿ ತುಂಬ ಬೂದಿ ಬಣ್ಣ. ಉಫ್ ಉಫ್ ಎಂದು ಊದಿ ಮತ್ತೆ ಹಾಕಿದ, ಬರಲಿಲ್ಲ. ಡಬ್ಬ ಒರೆಸಿ ಮೊದಲನೆಯದನ್ನು ಹಾಕಿದರೆ ಅದು ಚೆನ್ನಾಗಿಯೇ ಬಂತು.

ಮಾವ ಕ್ಯಾಸೆಟ್ಟು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಹಲ್ಲೆಲ್ಲ ಕೆಂಪು.

“ಇದರ ಹಲ್ಲಿಗೆ ಯಾರು ಹಚ್ಚಿದ್ದು?”

ಮನೆಯವರೆಲ್ಲ ಅಲ್ಲೇ ಇದ್ದರು. ಅಪ್ಪ ಕಂಬಕ್ಕೆ ಒರಗಿ ಕೂತು ತೆಂಗಿನಕಾಯಿ ನಾರು ಬಿಡಿಸುತ್ತಿದ್ದ. ಬಿಡಿಸುತ್ತಲೇ ಇದ್ದ.

“ಇವ್ಳೇ!” ಎಂದು ಮಂಜ ಅಳುತ್ತಾ ನನ್ನ ಕಡೆ ಕೈ ತೋರಿಸಿದ. “ತಟ್ಟೆ ಹಿಡ್ಕೊಂಡಿದ್ದು ಇವ್ಳೇ. ಇವ್ಳಿಗೆ ಫಸ್ಟ್ ಪಾರ್ಟೇ ಇಷ್ಟ, ಅದಕ್ಕೇ ಇದನ್ನ ಮಾತ್ರ ಕೆಡಿಸವ್ಳೆ!”

“ಹೌದೇನೇ? ಅವ್ನ ಫ್ರೆಂಡಿಗೆ ಈಗ ಏನಂತ ಹೇಳ್ತಾನೆ?” ಅಂದಳು ಅತ್ತೆ.

ನಾನು ಅಪ್ಪನ ಕಡೆ ನೋಡಿದೆ. ಅವನ ಉಂಗುರದ ಬೆರಳು ಇನ್ನೂ ಕೆಂಪಗಿತ್ತು. ಅವನು ಅದನ್ನು ಕಾಯಿ ನಾರಿನೊಳಗೆ ಮುಚ್ಚಿಕೊಂಡ. ನಾನು ನೋಡಿದ್ದನ್ನು ನೋಡಿದ. ಆಮೇಲೆ, “ಬುದ್ಧಿ ಇಲ್ವೇನೇ ನಿಂಗೆ? ಎದ್ದೋಗು ಒಳೀಕೆ” ಅಂದ.

ಮಾವ, “ಹೋಗ್ಲಿ ಬಿಡಿ ಬಾವ, ಹಳ್ಳಿ ಮಕ್ಕಳು, ಏನ್ ಗೊತ್ತಾಗುತ್ತೆ” ಅಂದರು. ಅಪ್ಪ ಹೂಂ ಅಂದ.

ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಏಟು ತಿಂದೂ ಅಳದವಳು ನಾನು. ಅಪ್ಪನ ಆ ಒಂದು ಹೂಂಗೆ ಅಡಿಗೆಮನೆ ಕತ್ತಲಲ್ಲಿ ಕೂತು ಮುಖ ಸುಡುವಷ್ಟು ನಾಚಿಕೆಪಟ್ಟೆ. ಮಿಲ್ಲಿನಲ್ಲಿ ಗಂಡಸರಿಗೆಲ್ಲ ಜೋರು ಮಾಡುವ ನಮ್ಮಪ್ಪ, ಪ್ಯಾಂಟಿನ ಮಾವನ ಮುಂದೆ ಒಂದು ಬೆರಳು ತೋರಿಸಲಾರದೆ ಹೋದ.

ಈಗ ಮಿಲ್ಲಿಲ್ಲ, ಅಪ್ಪ ಇಲ್ಲ. ಮೊಮ್ಮಗ ಫೋನಿನಲ್ಲಿ ಯಾವುದೋ ಊರಿನವರ ಜೊತೆ ಆಡುತ್ತಾನೆ, ಪಕ್ಕದಲ್ಲಿ ಕೂತವರ ರಟ್ಟೆ ಗುದ್ದುವುದಿಲ್ಲ. ಮಂಜ ಮತ್ತೆ ಗೇಮು ತರಲಿಲ್ಲ. ಆಮೇಲಾಮೇಲೆ ರಜಕ್ಕೆ ಬರುವುದನ್ನೂ ಬಿಟ್ಟ. ಯಾವುದು ಚೆನ್ನಾಗಿತ್ತು ಎಂದು ಈಗ ಯಾರಾದರೂ ಕೇಳಿದರೆ ಎರಡನೆಯದು ಅನ್ನುತ್ತೇನೆ. ಕೇಳುವವರಿಲ್ಲ.

ಆ ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಅತ್ತೆ ಮನೆಯವರನ್ನು ರೈಲಿಗೆ ಹತ್ತಿಸಲು ಅಪ್ಪನೂ ನಾನೂ ಹೋದೆವು. ಅಪ್ಪನ ಹೆಗಲ ಮೇಲೆ ಅತ್ತೆಗೆ ಕೊಟ್ಟ ರಾಗಿ ಹಿಟ್ಟಿನ ಚೀಲ. ಮಂಜ ಕಿಟಕಿ ಪಕ್ಕ ಹೋಗಿ ಕೂತ. ಆಮೇಲೆ ಕಂಬಿ ಹಿಡಿದುಕೊಂಡು ಮೆಲ್ಲಗೆ ಕೇಳಿದ: “ನಿಜ ಹೇಳೇ ಗೌರಿ. ನೀನೇನಾ?”

ಅಪ್ಪ ಚೀಲ ಒಳಗೆ ಕೊಡುತ್ತಿದ್ದವನು ಹಾಗೇ ನಿಂತ.

“ಹೂಂ ಕಣೋ, ನಾನೇ” ಅಂದೆ. “ನಿನ್ನ ಎರಡ್ನೇ ಪಾರ್ಟು ಒಂಚೂರೂ ಚೆನ್ನಾಗಿರ್ಲಿಲ್ಲ.”