ಹದಿನಾಲ್ಕನೇ ಸಾಲಿನ ಕಿಟಕಿ ಸೀಟು

೨೦೦೮ರ ಜನವರಿ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ ಇತ್ತು. ಹದಿನೈದು ವರ್ಷ ರೈಲಿನ ರಿಸರ್ವೇಶನ್ ಫಾರಂ ತುಂಬಿಕೊಟ್ಟು, ಬಸ್ಸಿನ ಸೀಟು ಹಿಡಿದುಕೊಟ್ಟು ಬದುಕಿದವನು ನಾನು. ಅಗ್ಗದ ವಿಮಾನಗಳು ಬಂದ ಮೇಲೆ ಒಂದು ಕಂಪ್ಯೂಟರ್ ಇಟ್ಟುಕೊಂಡು ಅವುಗಳ ಟಿಕೆಟ್ಟನ್ನೂ ಮಾಡಿಕೊಡುತ್ತಿದ್ದೆ. ಆ ದಿನ ಬೆಳಿಗ್ಗೆ ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು. ನಾನು, ಹಳೇಬೀಡಿನಿಂದ ಬಂದಿದ್ದ ಅಕ್ಕತಂಗಿಯರು ಪುಟ್ಟಲಕ್ಷ್ಮಮ್ಮ ಮತ್ತು ಜಯಮ್ಮ, ಮತ್ತೆ ಮೂಲೆಯ ಸ್ಟೂಲಿನಲ್ಲಿ ರೈಲಿನ ಫಾರಂ ಬರೆಸಲು ಕಾದಿದ್ದ ಕಣಕಟ್ಟೆಯ ತೆಂಗಿನಕಾಯಿ ವ್ಯಾಪಾರಿ ರುದ್ರಪ್ಪ.

ಅಕ್ಕತಂಗಿಯರದು ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ತಿಂಡಿ ಹೋಟೆಲು. ಅಕ್ಕ ಹಿಂದೆ ಒಲೆಯ ಮುಂದೆ, ತಂಗಿ ಮುಂದೆ ಬಡಿಸುವ ಕಡೆ. ಇಬ್ಬರಿಗೂ ಅರವತ್ತರ ಆಸುಪಾಸು. ಒಂದು ರೂಪಾಯಿಗೆ ವಿಮಾನ ಎಂದು ಅಚ್ಚಾಗಿದ್ದ ಪತ್ರಿಕೆಯ ಹಾಳೆಯನ್ನು ಪುಟ್ಟಲಕ್ಷ್ಮಮ್ಮ ನಾಲ್ಕು ಮಡಿಕೆ ಮಾಡಿ ರವಿಕೆಯೊಳಗಿನ ಚೀಲದಲ್ಲಿಟ್ಟು ತಂದಿದ್ದರು. ದೆಹಲಿಯವರೆಗೆ ವಿಮಾನ, ಅಲ್ಲಿಂದ ರೈಲಿನಲ್ಲಿ ಕಾಶಿ, ಬರುವಾಗಲೂ ಹಾಗೆಯೇ. ಇದು ಅವರ ಲೆಕ್ಕಾಚಾರ.

"ಮೂವತ್ತು ವರ್ಸ ಒಲೆ ಮುಂದೆ ಗೋಡೆ ನೋಡ್ಕಂಡೇ ಕುಂತಿದೀನಿ ಕಣಪ್ಪ. ನಂಗೆ ಕಿಟಕಿ ಸೀಟೇ ಬೇಕು," ಎಂದರು ಅಕ್ಕ.

"ಇವಳದ್ದು ಮೊದ್ಲಿಂದ್ಲೂ ಹಿಂಗೇ. ಎತ್ತಿನ ಗಾಡೀಲೂ ಮುಂದ್ಗಡೆನೇ ಕೂರ್ಬೇಕು," ಎಂದರು ತಂಗಿ.

ಮೂಲೆಯಿಂದ ರುದ್ರಪ್ಪ ಬಾಯಿ ಹಾಕಿದ: "ಒಂದ್ರೂಪಾಯಿಗೆ ಮೇಲಕ್ಕೆ ಹತ್ತುಸ್ತರೆ ಕಣವ್ವ. ಕೆಳಿಕ್ಕೆ ಇಳಿಸೋಕೆ ಎಷ್ಟು ಇಸ್ಕತರೆ, ಅದನ್ನ ಮೊದ್ಲು ಕೇಳ್ಕೋ."

"ನಾ ಇಳ್ಯದೇ ಇಲ್ಲ ಅಂದ್ರೆ ಏನ್ ಇಸ್ಕತರೆ?" ಎಂದರು ಪುಟ್ಟಲಕ್ಷ್ಮಮ್ಮ. ಎಲ್ಲರೂ ನಕ್ಕೆವು.

ಆ ಕಾಲದ ಅಗ್ಗದ ವಿಮಾನದ ಟಿಕೆಟ್ಟು ಹೇಗಿರುತ್ತಿತ್ತು ಎಂದು ಸ್ವಲ್ಪ ಹೇಳಬೇಕು. ಮೊದಲ ಪುಟದಲ್ಲಿ ಕಾಣುವುದು ಬರೀ ಮೂಲ ದರ. ಎರಡನೇ ಪುಟಕ್ಕೆ ಹೋದರೆ ಇಂಧನದ ಸರ್‌ಚಾರ್ಜ್ ಸಾವಿರ ದಾಟಿರುತ್ತದೆ. ಆಮೇಲೆ ನಿಲ್ದಾಣದ ಶುಲ್ಕ. ಆಮೇಲೆ ದಟ್ಟಣೆ ಶುಲ್ಕ, ಅಂದರೆ ಆಕಾಶದಲ್ಲಿ ವಿಮಾನಗಳು ಹೆಚ್ಚಾಗಿ, ಇಳಿಯಲು ಜಾಗವಿಲ್ಲದೆ ಸುತ್ತು ಹೊಡೆಯುವುದಕ್ಕೆ ನಾವು ಕೊಡುವ ದುಡ್ಡು. ಸೀಟು ಆರಿಸಿಕೊಂಡರೆ ಅದಕ್ಕೆ ಬೇರೆ. ಒಂದು ರೂಪಾಯಿ ಹೀಗೆ ಎರಡು ಸಾವಿರ ದಾಟುತ್ತಿತ್ತು.

ಇದನ್ನೆಲ್ಲ ನಾನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಅದರಲ್ಲಿ ನನ್ನದೂ ಒಂದು ಕೈಚಳಕ ಇತ್ತು. ನನ್ನ ಕಮಿಷನ್ ಎಂದು ಬರೆದರೆ ಗಿರಾಕಿಗಳು ಚೌಕಾಸಿಗೆ ಕೂರುತ್ತಾರೆ. ಹಾಗಾಗಿ ಅದನ್ನು 'ನಿಲ್ದಾಣದ ಇತರೆ ಶುಲ್ಕ' ಎಂದು ಸೇರಿಸಿಬಿಡುತ್ತಿದ್ದೆ. ತಲೆಗೆ ನೂರೈವತ್ತು ರೂಪಾಯಿ. ನಮ್ಮ ಕಸುಬಿನವರು ಬಹಳ ಜನ ಇದನ್ನೇ ಮಾಡುತ್ತಿದ್ದರು.

ಪುಟ್ಟಲಕ್ಷ್ಮಮ್ಮ ಬೆರಳಿಟ್ಟು ಒಂದೊಂದೇ ಸಾಲು ಕೇಳಿದರು. ಸೀಟಿನ ನೂರು ರೂಪಾಯಿಗೆ ಮುಖ ಅರಳಿತು. ನನ್ನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ಯಾರಿಗಪ್ಪ?"

"ಅವರಿಗೇ ಅಮ್ಮ," ಎಂದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಇಡ್ಲಿ ಬೆಂದಿದೆಯೋ ಇಲ್ಲವೋ ನೋಡುವಂಥ ನೋಟ. "ಸರಿ ಬುಡು. ಯಾರಿಗೆ ಸೇರ್ಬೇಕೋ ಅವರಿಗೇ ಸೇರ್ಲಿ," ಎಂದು ದುಡ್ಡು ಎಣಿಸಿಟ್ಟರು. ಮಾರ್ಚ್ ತಿಂಗಳ ಪ್ರಯಾಣ. ಹೋಗುವಾಗ ಅಕ್ಕನಿಗೆ ಹದಿನಾಲ್ಕನೇ ಸಾಲಿನ ಕಿಟಕಿ, ತಂಗಿಗೆ ಅದರ ಪಕ್ಕ.

ಪ್ರಯಾಣಕ್ಕೆ ಇನ್ನು ಎರಡು ವಾರವಿದೆ ಎನ್ನುವಾಗ ಜಯಮ್ಮ ಒಬ್ಬರೇ ಬಂದರು. ಒಳಗೆ ಬರುವ ಮೊದಲು ಅಂಗಡಿಯ ಮುಂದಿನ ಹೊಂಗೆ ಮರದ ಕೊಂಬೆಗೆ ಏನನ್ನೋ ಕಟ್ಟಿ ಬಂದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ತಾಮ್ರದ ಚೊಂಬು. ನನಗೆ ಅರ್ಥವಾಯಿತು. ನಮ್ಮ ಕಡೆ ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲ, ನೆಲದ ಮೇಲೂ ಇಡುವುದಿಲ್ಲ. ನೀರಿಗೆ ಬಿಡುವ ತನಕ ಮರಕ್ಕೆ ಕಟ್ಟಿರುತ್ತಾರೆ. ಪುಟ್ಟಲಕ್ಷ್ಮಮ್ಮ ಒಲೆಯ ಮುಂದೆ ಕೂತವರು ಹಾಗೆಯೇ ಗೋಡೆಗೆ ಒರಗಿಕೊಂಡಿದ್ದರಂತೆ. ಇಡ್ಲಿ ತಟ್ಟೆ ಕೇಳಿದರೂ ಕೊಡಲಿಲ್ಲವಂತೆ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಕೊನೆಗೆ ತಂಗಿಯ ಕೈ ಹಿಡಿದು, ಟಿಕೆಟ್ ಹಾಳು ಮಾಡಬೇಡ, ನನ್ನ ಕಿಟಕಿಗೆ ಬೇರೆ ಯಾರನ್ನೂ ಕೂರಿಸಬೇಡ ಎಂದರಂತೆ.

ನಾನು ವಿಮಾನ ಕಂಪನಿಗೆ ಫೋನ್ ಮಾಡಿದೆ. ಹೆಸರು ಬದಲಾಯಿಸಲು ಆಗುವುದಿಲ್ಲ ಎಂದರು. ರದ್ದು ಮಾಡಿದರೆ ರದ್ದತಿ ಶುಲ್ಕವೇ ಮೂಲ ದರಕ್ಕಿಂತ ಹೆಚ್ಚು. ಚೊಂಬನ್ನು ಆ ಸೀಟಿನಲ್ಲಿ ಇಡಬಹುದೇ ಎಂದೆ. ಸಾಮಾನಿಗೆ ಸೀಟು ಬೇಕಿದ್ದರೆ ಬೇರೆ ಟಿಕೆಟ್ ಕೊಳ್ಳಬೇಕು, ಈಗಿರುವುದು ಮನುಷ್ಯರ ಟಿಕೆಟ್ಟು ಎಂದರು. ಒಂದೇ ಸೀಟು. ಬದುಕಿದ್ದಾಗಿನ ದರ ಒಂದು, ಸತ್ತ ಮೇಲಿನ ದರ ಇನ್ನೊಂದು. ಅವರು ಪ್ರಯಾಣಕ್ಕೆ ಬರದಿದ್ದರೆ 'ನೋ ಶೋ' ಎಂದು ಬರೆದುಕೊಳ್ಳುತ್ತೇವೆ ಎಂದಳು ಆ ಕಡೆಯ ಹುಡುಗಿ. ಟಿಕೆಟ್ ಮಾಡಿಸಿಯೂ ಬಾರದವರಿಗೆ ಹಾಗೆನ್ನುತ್ತಾರೆ. ಅವರಿಗೆ ನಿಲ್ದಾಣದ ಶುಲ್ಕವಷ್ಟೇ ವಾಪಸು, ಅದೂ ಅರ್ಜಿ ಹಾಕಿ ಕೇಳಿದರೆ ಮಾತ್ರ.

"ಚೊಂಬು ನನ್ನ ಮಡ್ಲಲ್ಲೇ ಇರ್ಲಿ. ಆದ್ರೆ ಅಕ್ಕ ಕಾಸು ಕೊಟ್ಟವ್ಳೆ. ಆ ಸೀಟಲ್ಲಿ ಇನ್ಯಾರೂ ಕೂರಕೂಡ್ದು. ಅಷ್ಟು ಮಾಡ್ಕೊಡು," ಎಂದರು ಜಯಮ್ಮ.

ಯಾರೂ ಕೂರುವುದಿಲ್ಲ ಎಂದೆ. ಅದು ಸುಳ್ಳು. ಬಾರದವರ ಸೀಟನ್ನು ಕೊನೇ ಗಳಿಗೆಯಲ್ಲಿ ಬಂದವರಿಗೆ ದುಬಾರಿ ಬೆಲೆಗೆ ಮಾರುತ್ತಾರೆಂದು ನನಗೆ ಗೊತ್ತಿತ್ತು.

ಆ ಸುಳ್ಳು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದಲೇ ನಾನು ಬೆಂಗಳೂರಿನವರೆಗೆ ಜೊತೆಗೆ ಹೊರಟೆ. ರೈಲಿನಲ್ಲಿ ಜಯಮ್ಮ ಚೊಂಬನ್ನು ಕಿಟಕಿಯ ಸರಳಿಗೆ ಕಟ್ಟಿ ದಾರಿಯುದ್ದಕ್ಕೂ ಅದಕ್ಕೆ ಕೈ ಆನಿಸಿಕೊಂಡಿದ್ದರು. ತಿಪಟೂರು ಬಂತು ನೋಡು, ತುಮಕೂರು ಬಂತು ನೋಡು ಎಂದು ಮೆಲ್ಲಗೆ ಹೇಳುತ್ತಿದ್ದರು. ನನಗೆ ಹೇಳುತ್ತಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಧ್ಯಾಹ್ನದ ವಿಮಾನ. ನಿಲ್ದಾಣದ ಒಳಗೆ ನನಗೆ ಪ್ರವೇಶವಿಲ್ಲ. ಹೊರಗೆ ಗಾಜಿನ ಗೋಡೆಗೆ ಮುಖ ಒತ್ತಿ ನೋಡುತ್ತ ನಿಂತೆ. ಚೆಕ್-ಇನ್ ಕೌಂಟರಿನ ಮುಂದೆ ಸಾಲು ಒತ್ತೊತ್ತಾಗಿತ್ತು. ಒಬ್ಬರ ಚೀಲ ಇನ್ನೊಬ್ಬರ ಕಾಲಿಗೆ ತಾಗುವಷ್ಟು. ಜಯಮ್ಮ ಸಾಲಿನ ನಡುವೆ ಇದ್ದರು. ಅವರ ಬೆನ್ನ ಹಿಂದೆ ಮಾತ್ರ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಜಯಮ್ಮ ಒಂದು ಹೆಜ್ಜೆ ಮುಂದೆ ಹೋದರೆ, ಆ ಖಾಲಿ ಜಾಗವೂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಅದರ ಹಿಂದಿದ್ದವನು ಕೋಟು ಹಾಕಿದ, ಗಡಿಬಿಡಿಯ ಮನುಷ್ಯ. ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ಆದರೂ ಆ ಜಾಗಕ್ಕೆ ಕಾಲಿಡಲಿಲ್ಲ.

ಎಂಟು ದಿನಕ್ಕೆ ಜಯಮ್ಮ ಮರಳಿದರು. ಅಂಗಡಿಗೆ ಬಂದು ನಡೆದದ್ದನ್ನೆಲ್ಲ ಹೇಳಿದರು. ಕೌಂಟರಿನ ಹುಡುಗಿ ತಲೆ ಎತ್ತದೆ, ಇಬ್ಬರೇ ತಾನೆ ಎಂದಳಂತೆ. ಇವರು ಹ್ಞೂ, ಇಬ್ಬರೂ ಬಂದಿದ್ದೇವೆ ಎಂದರಂತೆ. ಇಬ್ಬರ ಚುನಾವಣಾ ಗುರುತಿನ ಚೀಟಿಯೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿತ್ತು. ಎರಡು ಬೋರ್ಡಿಂಗ್ ಪಾಸ್ ಬಂದವು. ಇಲ್ಲಿಯವರೆಗೆ ನನಗೂ ಅರ್ಥವಾಗುತ್ತದೆ. ತಪಾಸಣೆಯವನಿಗೆ ಚೊಂಬು ಏನೆಂದು ತಿಳಿಯಲು ಮರಣ ಪತ್ರ ತೋರಿಸಿದರಂತೆ. ಅವನು ಓದಿ, ನಮಸ್ಕಾರ ಮಾಡಿ ಕಳಿಸಿದ.

"ನಾ ಅವನಿಗೆ ಕೊಟ್ಟಿದ್ದು ನನ್ನ ಪಾಸ್ ಒಂದೇ ಕಣಪ್ಪ. ಅಕ್ಕಂದು ಸೆರಗಿನ ಗಂಟಲ್ಲಿತ್ತು," ಎಂದು ಎರಡೂ ಪಾಸಿನ ತುಂಡುಗಳನ್ನು ಮೇಜಿನ ಮೇಲಿಟ್ಟರು. ಎರಡರ ಮೇಲೂ ತಪಾಸಣೆಯ ಮೊಹರು ಬಿದ್ದಿತ್ತು. ಎರಡರ ಅಂಚನ್ನೂ ವಿಮಾನ ಹತ್ತುವ ಬಾಗಿಲಲ್ಲಿ ಹರಿದುಕೊಂಡಿದ್ದರು.

ಆ ವಿಮಾನದಲ್ಲಿ ಬೇರೆ ಯಾವ ಸೀಟೂ ಖಾಲಿ ಇರಲಿಲ್ಲವಂತೆ. ಹೊರಡುವ ಮುಂಚೆ ಗಗನಸಖಿ ಕೈಯಲ್ಲಿ ಎಣಿಕೆಯ ಯಂತ್ರ ಹಿಡಿದು ಟಿಕ್ ಟಿಕ್ ಎನ್ನಿಸುತ್ತ ಬಂದಳಂತೆ. ತಲೆಗೊಂದು ಟಿಕ್. ಹದಿನಾಲ್ಕನೇ ಸಾಲಿನ ಈ ಬದಿಯಲ್ಲಿ ಮೂರು ಸಲ ಟಿಕ್ ಎಂದಿತು. ಅಂಚಿನಲ್ಲೊಬ್ಬ ಹುಡುಗ, ನಡುವೆ ಜಯಮ್ಮ. ಕಿಟಕಿಯ ಕಡೆ ನೋಡಿ ಆ ಹೆಣ್ಣುಮಗಳು ನಕ್ಕಳಂತೆ, ವಯಸ್ಸಾದವರನ್ನು ನೋಡಿ ನಗುವ ಹಾಗೆ.

"ಮತ್ತೆ ವಾಪಸ್ ಬರುವಾಗ?" ಎಂದೆ.

ಜಯಮ್ಮ ಪಾಸಿನ ತುಂಡುಗಳನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಅಸ್ಥಿ ಗಂಗೆಯಲ್ಲಿ ಬಿಟ್ಟಾಗಿತ್ತು. ದೆಹಲಿಯಲ್ಲಿ ತಮ್ಮ ಒಂದೇ ಪಾಸ್ ತೆಗೆದುಕೊಂಡು ಕೂತಿದ್ದರಂತೆ. ಆಗ ಮೈಕಿನಲ್ಲಿ ಹೆಸರು ಕೂಗಿದರು. ಪುಟ್ಟಲಕ್ಷ್ಮಮ್ಮ. ಎಲ್ಲಿದ್ದರೂ ಬೇಗ ಬರಬೇಕು, ಇದೇ ಕೊನೆಯ ಕರೆ. ಮೂರು ಸಲ ಕೂಗಿದರು.

"ನಾನು ಬಾಯಿ ಬುಡಲಿಲ್ಲ. ಅವಳೂ ಬರ್ಲಿಲ್ಲ," ಎಂದರು ಜಯಮ್ಮ.

ನಾನು ನನ್ನ ಕೆಲಸ ಮಾಡಿದೆ. ಸತ್ತವರು ಹೋಗುವಾಗಲೂ ಪ್ರಯಾಣಿಸಿಲ್ಲ, ಬರುವಾಗಲೂ ಪ್ರಯಾಣಿಸಿಲ್ಲ ಎಂದು ಮರಣ ಪತ್ರದ ಪ್ರತಿ ಲಗತ್ತಿಸಿ ಎರಡೂ ಕಡೆಯ ನಿಲ್ದಾಣದ ಶುಲ್ಕಕ್ಕೆ ಅರ್ಜಿ ಹಾಕಿದೆ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಬೆಂಗಳೂರಿನಿಂದ ದೆಹಲಿ: ಸದರಿ ಪ್ರಯಾಣಿಕರು ಪ್ರಯಾಣಿಸಿರುತ್ತಾರೆ, ಶುಲ್ಕ ಮರಳಿಸಲು ಬರುವುದಿಲ್ಲ. ದೆಹಲಿಯಿಂದ ಬೆಂಗಳೂರು: ನೋ ಶೋ, ಇನ್ನೂರ ಇಪ್ಪತ್ತೈದು ರೂಪಾಯಿ ಮಂಜೂರು.

ಆ ಕಾಗದ ಓದಿದ ದಿನ ನನಗೆ ರುದ್ರಪ್ಪನ ತಮಾಷೆಯೂ, ಅದಕ್ಕೆ ಪುಟ್ಟಲಕ್ಷ್ಮಮ್ಮ ಕೊಟ್ಟ ಉತ್ತರವೂ ಕಿವಿಯಲ್ಲಿ ಕೇಳಿಸಿತು. ಜೊತೆಗೆ ನನ್ನ ಸಾಲಿನ ಮೇಲೆ ನಿಂತ ಅವರ ಬೆರಳು ಕಣ್ಣಮುಂದೆ ಬಂತು. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹಳೇಬೀಡಿಗೆ ಹೋದೆ. ಕಾಗದ ಓದಿ ಹೇಳಿದೆ.

"ಸರಿಯಾಗೇ ಬರ್ದವ್ರೆ ಬುಡು. ಹೋದ್ಲು. ಬರ್ಲಿಲ್ಲ," ಎಂದರು ಜಯಮ್ಮ.

ಕಂಪನಿಯ ದುಡ್ಡಿನ ಪಕ್ಕದಲ್ಲಿ ನನ್ನ ಮುನ್ನೂರು ರೂಪಾಯಿ ಇಟ್ಟೆ. ಇದು ಕಂಪನಿಯದಲ್ಲ, ನಾನು ಮುಚ್ಚಿಟ್ಟು ತೆಗೆದುಕೊಂಡದ್ದು ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಕ್ಕಂಗೆ ಅವತ್ತೇ ಗೊತ್ತಿತ್ತು. ಬಸ್ಸಲ್ಲೇ ಅಂದ್ಲು, ಅವನೇ ತಂದು ಕೊಡ್ತಾನೆ, ನೀ ಕೇಳ್ಬೇಡ ಅಂತ."

ಆ ವಾರವೇ ಅಂಗಡಿಯಲ್ಲಿ ಒಂದು ಹಲಗೆ ಹಾಕಿಸಿದೆ. ಯಾವ ಶುಲ್ಕ ಯಾರಿಗೆ ಎಂದು ಸಾಲುಸಾಲಾಗಿ ಬರೆಸಿ, ಕೊನೆಯಲ್ಲಿ ನನ್ನ ಕಮಿಷನ್ ಎಂದೂ ದಪ್ಪಕ್ಷರದಲ್ಲಿ ಬರೆಸಿದೆ. ಚೌಕಾಸಿ ಹೆಚ್ಚಾಯಿತು, ಗಿರಾಕಿಗಳು ಕಡಿಮೆಯಾಗಲಿಲ್ಲ. ಈ ಕಸುಬಿನಲ್ಲಿ ನಾನು ಕಲಿತದ್ದು ಇಷ್ಟೆ: ಕೇಳಿದವರಿಗೆ ಕೇಳಿದಾಗಲೇ ನಿಜ ಹೇಳಬೇಕು. ಆಮೇಲೆ ಹೇಳೋಣ ಎಂದುಕೊಂಡರೆ ಅವರು ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಜಯಮ್ಮ ಹೋಟೆಲಿನ ಹಿಂದಿನ ಗೋಡೆ ಒಡೆಸಿ, ಒಲೆಯ ಪಕ್ಕ ಒಂದು ಕಿಟಕಿ ಇಡಿಸಿದರು. ಅದರಿಂದ ನೋಡಿದರೆ ಕೆರೆ ಕಾಣುತ್ತದೆ. ಕಿಟಕಿಯ ಕೆಳಗೆ ಗಿರಾಕಿಗಳಿಗೆಂದು ಒಂದು ಬೆಂಚನ್ನೂ ಹಾಕಿಸಿದ್ದರು. ನಾನು ಒಮ್ಮೆ ಸಂತೆಯ ದಿನ ಹೋದೆ. ಹೋಟೆಲು ತುಂಬಿತ್ತು, ಜನ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದರು. ಕಿಟಕಿಗೆ ಅಂಟಿದ ಜಾಗ ಮಾತ್ರ ಖಾಲಿ ಇತ್ತು. ಅಲ್ಲಿ ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ನಾನೂ ನಿಂತೇ ತಿಂದು ಬಂದೆ.